ಅಪ್‌ಡೇಟ್: ಥೀಮ್ ಪಾರ್ಕ್‌ನಲ್ಲಿ ಊಟದ ವ್ಯವಸ್ಥೆ ಹೀಗಾಯಿತು

ಮಕ್ಕಳು, ಅತ್ತೆ-ಮಾವ ಎಲ್ಲರೂ ಜೊತೆಗಿರುವಾಗ ಥೀಮ್ ಪಾರ್ಕ್ ಒಳಗೇ ಊಟ ಮಾಡೋದಾ, ಹೊರಗೆ ಹೋಗೋದಾ ಅಂತ ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಸಲಹೆ, ಮಧ್ಯಾಹ್ನದ ಊಟ ಪಾರ್ಕ್ ಒಳಗೇ, 11.30ಕ್ಕೇ ಮುಗಿಸೋದು. ನಾವು ಕೂತಾಗ ಅರ್ಧ ಟೇಬಲ್ ಖಾಲಿ. ಎದ್ದು ಕೈ ತೊಳೆಯುವಷ್ಟರಲ್ಲಿ ಕ್ಯೂ ಬಾಗಿಲು ದಾಟಿತ್ತು. ತಟ್ಟೆ ಹಿಡಿದುಕೊಂಡು ಜಾಗಕ್ಕೆ ಕಾಯುವವರೂ ಇದ್ದರು! ಆ ಹೊತ್ತಲ್ಲಿ ರೈಡ್‌ಗಳ ಸಾಲು ಚಿಕ್ಕದಾಗುತ್ತೆ ಅಂದಿದ್ದಿರಿ, ನಿಜ. ಆದರೆ ಹೊಟ್ಟೆ ತುಂಬಿದ ಕೂಡಲೇ ಗಿರಗಿರ ತಿರುಗೋ ರೈಡ್ ಬೇಡ. ನಾವು ಮೊದಲು ನೆರಳಲ್ಲಿ ಕೂತು ನೋಡುವ ಶೋಗೆ ಹೋದೆವು. ಮಾವನವರಿಗೆ ಅದೇ ಹೆಚ್ಚು ಇಷ್ಟವಾಯಿತು.

ರಾತ್ರಿ ಊಟ ಹೊರಗೆ. ಸುಸ್ತಾದ ಮಕ್ಕಳನ್ನು ಎಳೆದುಕೊಂಡು ಹೋಟೆಲ್ ಹುಡುಕೋದು ಬೇಡವೇ ಬೇಡ, ಮೊದಲೇ ಟೇಬಲ್ ಬುಕ್ ಮಾಡಿ. ಮಕ್ಕಳದ್ದು ಮೊದಲು ತನ್ನಿ ಅಂತ ಹೇಳಿದೆ. ಚಿಕ್ಕವಳು ತಿಂದು ತೊಡೆ ಮೇಲೇ ಮಲಗಿದಳು, ನಾವು ಆರಾಮಾಗಿ ಉಂಡೆವು.

ಹೊರಗಿನ ತಿಂಡಿ ಒಳಗೆ ಬಿಡ್ತಾರಾ ಅಂತ ಕೇಳಿದವರಿಗೆ: ಪಾರ್ಕಿಗೊಂದು ನಿಯಮ. ಕೂಸಿನ ಆಹಾರ, ಔಷಧಿಗೆ ಸಾಮಾನ್ಯವಾಗಿ ಅಡ್ಡಿ ಇರಲ್ಲ. ಆದರೂ ಟಿಕೆಟ್ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.