ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್: ಹಿಡಿಸುವುದೇನು, ಎಡವುವುದೆಲ್ಲಿ?

ಪ್ರಶ್ನೆ:
2024ರ ಅಕ್ಟೋಬರ್‌ನಲ್ಲಿ ಶುರುವಾದ ಈ ಕಾಮಿಕ್ಸ್ ಸರಣಿ ಓದಬೇಕೆಂದಿದ್ದೇನೆ. ಕಥೆ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ ಅಂತ ಗೊತ್ತು. ಬ್ಯಾಟ್‌ಮ್ಯಾನ್ ಪ್ರಕಾಶಕರಾದ ಡಿಸಿಯ ಹಳೆಯ ಕಥೆಗಳ ಪರಿಚಯ ಅಷ್ಟಾಗಿಲ್ಲ. ಎಲ್ಲಿಂದ ಹಿಡಿಯಲಿ? ಹೊಗಳಿಕೆ ಬೇಕಾದಷ್ಟು ಕೇಳಿದ್ದೇನೆ, ಕೊರತೆಗಳನ್ನೂ ಹೇಳಿ.

ಕಪ್ಪುಶಾಯಿ:
ಒಂದನೇ ಸಂಚಿಕೆಯಿಂದಲೇ ಶುರು ಮಾಡಿ. ಇದು ಬೇರೆಯೇ ಲೋಕ, ಹಿಂದಿನದೇನೂ ಓದಿರಬೇಕಿಲ್ಲ. ಇಲ್ಲಿ ಬ್ರೂಸ್, ಅಂದರೆ ಬ್ಯಾಟ್‌ಮ್ಯಾನ್ ಮುಖವಾಡದ ಹಿಂದಿನವನು, ಶ್ರೀಮಂತನಲ್ಲ, ಎಂಜಿನಿಯರ್. ಅಮ್ಮ ಮಾರ್ಥಾ ಬದುಕಿದ್ದಾಳೆ. ಶಾಲೆಯ ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ದ ದಿನ ಗುಂಡಿಗೆ ಬಲಿಯಾದವನು ಮೇಷ್ಟ್ರಾಗಿದ್ದ ಅಪ್ಪ ಥಾಮಸ್. ಆಲ್ಫ್ರೆಡ್ ಮನೆಯ ಬಟ್ಲರ್ ಅಲ್ಲ, ಬ್ರಿಟಿಷ್ ಗೂಢಚಾರ.

ನನ್ನ ಲೆಕ್ಕದಲ್ಲಿ ಸರಣಿಯ ಜೀವ ಇರುವುದು ಗೆಳೆಯರಲ್ಲಿ. ಓಸ್ವಾಲ್ಡ್, ಎಡ್ಡಿ, ಹಾರ್ವಿ, ವೇಲನ್: ಬೇರೆ ಕಥೆಗಳಲ್ಲಿ ಪೆಂಗ್ವಿನ್, ರಿಡ್ಲರ್, ಟೂ-ಫೇಸ್, ಕಿಲ್ಲರ್ ಕ್ರಾಕ್ ಎಂಬ ಖಳರಾಗುವವರು. ಇಲ್ಲಿ ಬ್ರೂಸನ ಜತೆ ಆಡಿ ಬೆಳೆದವರು. ಹಳಬರಿಗೆ ಆ ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತದೆ, ಹೊಸಬರಿಗೆ ಬರೀ ಗೆಳೆತನ ಕಾಣುತ್ತದೆ. ಎರಡು ಥರದ ಓದೂ ನಡೆಯುತ್ತದೆ.

ಇನ್ನು ಡ್ರಗೋಟಾ ಕೈಚಳಕ! ಎದೆಯ ಬಾವಲಿ ಲಾಂಛನ ಕಳಚಿದರೆ ಕೊಡಲಿ, ಕಿವಿ ಕಿತ್ತರೆ ಚಾಕು. ದುಡ್ಡಿಲ್ಲದವನು ಮೈಮೇಲಿನದನ್ನೆಲ್ಲ ಆಯುಧ ಮಾಡಿಕೊಂಡಿದ್ದಾನೆ ಅನ್ನುವುದು ಒಂದೂ ಮಾತಿಲ್ಲದೆ ಗೊತ್ತಾಗುತ್ತದೆ.

ಮೂರನೇಪುಟ:
ಚಿತ್ರದ ವಿಷಯ ಒಪ್ಪುತ್ತೇನೆ. ತೊಂದರೆ ಇರುವುದು ಮಾತಿನಲ್ಲಿ. ಡ್ರಗೋಟಾ ಆಗಲೇ ಹೇಳಿಯಾದದ್ದನ್ನು ಸ್ನೈಡರ್ ನಿರೂಪಣೆಯ ಚೌಕಗಳಲ್ಲಿ ಮತ್ತೆ ವಿವರಿಸುತ್ತಾರೆ. ಹೊಡೆದಾಟ ಕಾವೇರುವ ಹೊತ್ತಿಗೆ ಬಾಲ್ಯದ ನೆನಪು ನಡುವೆ ಬಂದು ಓಟ ಮುರಿಯುತ್ತದೆ. ಒಮ್ಮೆ ಚೌಕಗಳನ್ನು ಬಿಟ್ಟು ಬರೀ ಚಿತ್ರ ನೋಡಿಕೊಂಡು ಹೋಗಿ, ಹೆಚ್ಚಿನ ಕಡೆ ಕಥೆ ಪೂರ್ತಿ ಅರ್ಥವಾಗುತ್ತದೆ.

ಇನ್ನೊಂದು, ‘ದುಡ್ಡಿಲ್ಲದ ಬ್ಯಾಟ್‌ಮ್ಯಾನ್’ ಎಂಬ ಪಟ್ಟು ಬರಬರುತ್ತಾ ಸಡಿಲವಾಗುತ್ತದೆ. ಮೈಕಟ್ಟು, ವಾಹನ, ಸಲಕರಣೆ ಎಲ್ಲವೂ ದೈತ್ಯಾಕಾರ. ಸಂಬಳದವನಿಗೆ ಇದೆಲ್ಲ ಹೇಗೆ ದಕ್ಕಿತು ಅನ್ನುವುದಕ್ಕೆ ಎಂಜಿನಿಯರ್ ಅನ್ನುವ ಒಂದೇ ಉತ್ತರ ಸಾಲದು. ಬಡತನ ಅವನನ್ನು ನಿಜಕ್ಕೂ ತಡೆದು ನಿಲ್ಲಿಸುವ ದೃಶ್ಯಗಳು ಇನ್ನಷ್ಟು ಬೇಕಿತ್ತು.

ಬಿಡಿಸಂಚಿಕೆ:
ಓದುವ ಕ್ರಮದ ಬಗ್ಗೆ: ಮೊದಲ ಆರು ಸಂಚಿಕೆ ಸೇರಿ ‘ದಿ ಝೂ’ ಸಂಪುಟ. ಎದುರಾಳಿ ಬ್ಲ್ಯಾಕ್ ಮಾಸ್ಕ್. ಅದನ್ನು ಒಟ್ಟಿಗೇ ಓದಿ. ನಾಲ್ಕನೆಯದು ಗೇಬ್ರಿಯಲ್ ಹೆರ್ನಾಂಡೆಜ್ ವಾಲ್ಟಾ ಚಿತ್ರಿಸಿದ್ದು, ಹಿಂದಿನ ದಿನಗಳ ಕಥೆ. ತಿಂಗಳುಗಟ್ಟಲೆ ಕಾದು ಓದಿದವರಿಗೆ ಅದು ಅಡ್ಡ ಬಂದ ಹಾಗೆ ಕಂಡಿತು, ಒಂದೇ ಓದಿನಲ್ಲಿ ಮಾತ್ರ ಸರಿಯಾಗಿ ಕೂರುತ್ತದೆ. ಏಳು-ಎಂಟು ಮಾರ್ಕೋಸ್ ಮಾರ್ಟಿನ್ ಚಿತ್ರಿಸಿದ ಮಿಸ್ಟರ್ ಫ್ರೀಜ್ ಎಂಬ ಖಳನ ಕಥೆ, ಗೆರೆ ತಣ್ಣಗೆ, ಭಯ ಜಾಸ್ತಿ.

ಒಂಬತ್ತರಿಂದ ಬೇನ್ ಎಂಬ ಖಳ ಬರುತ್ತಾನೆ. ಅಲ್ಲಿಂದ ದೇಹ ವಿಕಾರಗೊಳಿಸುವ ಹಿಂಸೆ ವಿಪರೀತ, ಗೆಳೆಯರನ್ನೂ ಬಿಡುವುದಿಲ್ಲ. ಮಕ್ಕಳ ಕೈಗೆ ಕೊಡುವಂಥದ್ದಲ್ಲ. ‘ದಿ ಝೂ’ ಮುಗಿಸಿದ ಮೇಲೆ ಗೆಳೆಯರ ಬಗ್ಗೆ ಕಾಳಜಿ ಹುಟ್ಟಿದ್ದರೆ ಮುಂದುವರಿಸಿ. ಹುಟ್ಟದಿದ್ದರೆ ಬೇನ್ ಭಾಗ ಬರೀ ರಕ್ತಪಾತ ಅನ್ನಿಸುತ್ತದೆ, ಅಲ್ಲೇ ನಿಲ್ಲಿಸಿ.