ಬೀಟಾ 6.0, 16ರ ಲ್ಯಾಟಿಸ್: ಪ್ಲಾಕೆಟ್ ಸರಿ ಉಂಟು, ಸ್ಟ್ರಿಂಗ್ ಟೆನ್ಶನ್ ಮಾತ್ರ ಒಂದೂವರೆ ಪಟ್ಟು. ಯಾಕೆ?

ಪಯಸ್ವಿನಿ (ಮುಳ್ಳೇರಿಯ)

ಎಂ.ಎಸ್ಸಿ. ಪ್ರಾಜೆಕ್ಟಿಗೆ ಗ್ಲುವಾನ್ (ಕ್ವಾರ್ಕುಗಳನ್ನು ಹಿಡಿದಿಡುವ ಪ್ರಬಲ ಬಲದ ಕಣ) ಮಾತ್ರ ಇರುವ ಎಸ್‌ಯು(3) ಸಿದ್ಧಾಂತವನ್ನು ಲ್ಯಾಟಿಸ್ ಮೇಲೆ, ಅಂದರೆ ದೇಶ-ಕಾಲವನ್ನು ಬಿಂದುಗಳ ಜಾಲರಿ ಮಾಡಿ, ಕಂಪ್ಯೂಟರಿನಲ್ಲಿ ಓಡಿಸುತ್ತಾ ಇದ್ದೇನೆ. ವಿಲ್ಸನ್ ಆ್ಯಕ್ಷನ್, ಬೀಟಾ (ಬಲದ ತೀವ್ರತೆಯನ್ನು, ಅದರಿಂದ ಬಿಂದುಗಳ ಅಂತರವನ್ನು ನಿರ್ಧರಿಸುವ ಸಂಖ್ಯೆ) 6.0, ನಾಲ್ಕೂ ದಿಕ್ಕಿಗೆ 16 ಬಿಂದು, ಪಕ್ಕದ ಬಿಂದುಗಳನ್ನು ಸೇರಿಸುವ ಪ್ರತಿ ಲಿಂಕಿಗೂ ಒಂದು ಮ್ಯಾಟ್ರಿಕ್ಸ್. ಲಿಂಕುಗಳನ್ನು ಬದಲಿಸಲು ಕಬಿಬೊ-ಮರಿನಾರಿ ಹೀಟ್‌ಬಾತ್ ಒಂದು ಸುತ್ತು, ಅದರ ಹಿಂದೆಯೇ ಓವರ್‌ರಿಲ್ಯಾಕ್ಸೇಶನ್ ನಾಲ್ಕು ಸುತ್ತು. ಮೊದಲ 1000 ಸುತ್ತು ಬಿಟ್ಟು, ಆಮೇಲೆ 50 ಸುತ್ತಿಗೊಮ್ಮೆ ಅಳತೆ. ಈಗ ಕೈಯಲ್ಲಿ 100 ಕಾನ್ಫಿಗರೇಶನ್ (ಇಡೀ ಲ್ಯಾಟಿಸಿನ ಒಂದೊಂದು ಮಾದರಿ ಸ್ಥಿತಿ) ಉಂಟು. ಸರಾಸರಿ ಪ್ಲಾಕೆಟ್ (ಅತಿ ಸಣ್ಣ ಚೌಕದ ಸುತ್ತಲಿನ ಲೂಪ್) 0.5937, ಅದು ಪ್ರಕಟಿತ ಬೆಲೆಗೆ ಸರಿಯಾಗಿ ಕೂರುತ್ತದೆ.

ತೊಂದರೆ ಇರುವುದು ಪೊಟೆನ್ಶಿಯಲಿನಲ್ಲಿ, ಅಂದರೆ ಆರ್ ದೂರದಲ್ಲಿರುವ ಕ್ವಾರ್ಕ್ ಜೋಡಿಯ ಶಕ್ತಿ ವಿ(ಆರ್)ನಲ್ಲಿ. ವಿಲ್ಸನ್ ಲೂಪ್ ಎಂದರೆ ದೇಶದಲ್ಲಿ (ಸ್ಪೇಸ್) ಆರ್, ಕಾಲದಲ್ಲಿ ಟಿ ಉದ್ದದ ಆಯತದ ಸುತ್ತಲಿನ ಲಿಂಕುಗಳ ಗುಣಲಬ್ಧ. ಟಿ=2 ಮತ್ತು ಟಿ=3ರ ವಿಲ್ಸನ್ ಲೂಪ್‌ಗಳ ಅನುಪಾತದಿಂದ ವಿ(ಆರ್) ತೆಗೆದು, ವಿ0 − ಆಲ್ಫಾ/ಆರ್ + ಸಿಗ್ಮಾ·ಆರ್ ಎಂದು ಹೊಂದಿಸಿದರೆ ಸಿಗ್ಮಾ (ಸ್ಟ್ರಿಂಗ್ ಟೆನ್ಶನ್) 0.07 ಬರುತ್ತದೆ (ಲ್ಯಾಟಿಸ್ ಏಕಮಾನದಲ್ಲಿ). ಬರಬೇಕಾದದ್ದು 0.048ರ ಹತ್ತಿರ. ಟಿ ಏರಿಸುತ್ತಾ ಹೋದರೆ ಬೆಲೆ ಇಳಿಯುತ್ತದೆ, ಆದರೆ ಟಿ=5 ದಾಟಿದ ಮೇಲೆ ದೊಡ್ಡ ಆರ್‌ಗೆ ಬರೀ ಗದ್ದಲ. ಕೆಲವು ಲೂಪ್ ಋಣವಾಗಿ ಲಾಗ್ ತೆಗೆಯಲಿಕ್ಕೂ ಆಗುವುದಿಲ್ಲ. 100ರ ಬದಲು 1000 ಕಾನ್ಫಿಗರೇಶನ್ ಮಾಡಿದರೆ ಸರಿಯಾದೀತೇ?

ಇನ್ನೊಂದು. ಇದನ್ನೇ ಕುಂಬಳೆಯಲ್ಲಿ ಪ್ಲಸ್ ಟು ಕನ್ನಡ ಮಾಧ್ಯಮದ ಮಕ್ಕಳಿಗೆ ಅರ್ಧ ಗಂಟೆ ಹೇಳಲಿಕ್ಕುಂಟು. ಸಿಗ್ಮಾ ಅಂದರೆ ಎಂತ ಎಂದು ಕನ್ನಡದಲ್ಲಿ ಹೇಗೆ ಹೇಳುವುದು?

ತಾಳವಾಡಿ_ಗಣಕ

1000 ಮಾಡಿದರೆ 0.07 ಎನ್ನುವ ತಪ್ಪು ಉತ್ತರ ಇನ್ನಷ್ಟು ನಿಖರವಾಗಿ ಸಿಗುತ್ತದೆ, ಅಷ್ಟೇ. ನಿಮ್ಮದು ಎಣಿಕೆಯ ಕೊರತೆ ಅಲ್ಲ, ಉದ್ರಿಕ್ತ ಸ್ಥಿತಿಗಳ ಕಲಬೆರಕೆ.

ವಿಲ್ಸನ್ ಲೂಪ್ ಡಬ್ಲ್ಯು(ಆರ್, ಟಿ) ಎಂಬುದು ಒಂದೇ ಎಕ್ಸ್‌ಪೊನೆನ್ಶಿಯಲ್ ಅಲ್ಲ. ಕ್ವಾರ್ಕ್ ಜೋಡಿಯ ನಡುವೆ ಗ್ಲುವಾನ್ ಕ್ಷೇತ್ರ ಇರಬಹುದಾದ ಎಲ್ಲ ಶಕ್ತಿಸ್ಥಿತಿಗಳೂ ಅದರಲ್ಲಿ ಸೇರಿರುತ್ತವೆ, ಪ್ರತಿಯೊಂದರ ಗುಣಾಂಕವೂ ಧನ. ಹಾಗಾಗಿ ಲಾಗ್[ಡಬ್ಲ್ಯು(ಆರ್, ಟಿ)/ಡಬ್ಲ್ಯು(ಆರ್, ಟಿ+1)] ಯಾವಾಗಲೂ ನಿಜವಾದ ವಿ(ಆರ್)ಗೆ ಮೇಲಿನಿಂದಲೇ ಇಳಿದು ಬರುತ್ತದೆ. ಎಲ್ಲ ಆರ್‌ಗೂ ಒಂದೇ ಪ್ರಮಾಣದಲ್ಲಿ ಮೇಲಿದ್ದರೆ ವಿ0 ಮಾತ್ರ ಕೆಡುತ್ತಿತ್ತು, ಇಳಿಜಾರು ಉಳಿಯುತ್ತಿತ್ತು. ಆದರೆ ಎರಡು ಕ್ವಾರ್ಕುಗಳ ನಡುವೆ ನೀವು ಎಳೆದಿರುವುದು ಒಂದೇ ಲಿಂಕ್ ದಪ್ಪದ ನೇರ ಗೆರೆ. ನಿಜವಾದ ಫ್ಲಕ್ಸ್ ಟ್ಯೂಬ್ (ಅವುಗಳ ನಡುವಿನ ಕ್ಷೇತ್ರದ ಕೊಳವೆ) ಹಲವು ಲಿಂಕುಗಳಷ್ಟು ದಪ್ಪ. ಉದ್ದ ಹೆಚ್ಚಿದಂತೆ ಆ ತೆಳು ಗೆರೆಗೂ ನಿಜವಾದ ಟ್ಯೂಬಿಗೂ ಹೋಲಿಕೆ ಕಡಿಮೆಯಾಗುತ್ತಾ ಹೋಗುತ್ತದೆ, ಕಲಬೆರಕೆ ಏರುತ್ತದೆ. ಅದೇ ನಿಮ್ಮ ಇಳಿಜಾರನ್ನು ಎತ್ತಿರುವುದು.

ದೊಡ್ಡ ಟಿಗೆ ಹೋಗಿ ತಪ್ಪಿಸಿಕೊಳ್ಳೋಣವೆಂದರೆ ಲೆಕ್ಕ ಹೀಗಿದೆ. ಬೀಟಾ 6.0ರಲ್ಲಿ ವಿ(8) ಸುಮಾರು 0.98. ಆರ್=ಟಿ=8ರ ಲೂಪ್ ಹೆಚ್ಚೆಂದರೆ 0.0004. ಒಂದೊಂದು ಲೂಪಿನ ಏರಿಳಿತ 0.24ರಷ್ಟು, ಲೂಪ್ ಎಷ್ಟೇ ದೊಡ್ಡದಾದರೂ ಅದು ಇಳಿಯುವುದಿಲ್ಲ. ಒಂದು ಕಾನ್ಫಿಗರೇಶನ್‌ನಲ್ಲಿ 65,536 ಬಿಂದು, ಬಿಂದುವಿಗೆ 3 ಸಮತಲ. ಎಲ್ಲವೂ ಪರಸ್ಪರ ಸ್ವತಂತ್ರ ಎಂದುಕೊಂಡರೂ ದೋಷ 0.0005, ಅಂದರೆ ಸಿಗ್ನಲ್‌ಗಿಂತ ಹೆಚ್ಚು. 100 ಕಾನ್ಫಿಗರೇಶನ್ ಸೇರಿಸಿದರೆ ಶೇ. 13. ಋಣ ಲೂಪ್ ಬರುವುದರಲ್ಲಿ ಆಶ್ಚರ್ಯವೇನಿಲ್ಲ.

ಪರಿಹಾರ ಏಪ್ ಸ್ಮಿಯರಿಂಗ್, ಅಂದರೆ ಲಿಂಕುಗಳನ್ನು ನೆರೆಯವುಗಳ ಜೊತೆ ಕಲೆಸಿ ಆ ಗೆರೆಯನ್ನು ದಪ್ಪ ಮಾಡುವುದು. ದೇಶದ ದಿಕ್ಕಿನ ಪ್ರತಿ ಲಿಂಕನ್ನೂ ಅದರ ಅರ್ಧ ಭಾಗ, ಜೊತೆಗೆ ಸುತ್ತಲಿನ, ದೇಶದ ದಿಕ್ಕಿನದೇ ಆದ ನಾಲ್ಕು ಸ್ಟೇಪಲ್‌ಗಳ (ಅದೇ ಎರಡು ತುದಿಗಳನ್ನು ಮೂರು ಲಿಂಕಿನಲ್ಲಿ ಬಳಸಿ ಸೇರಿಸುವ ದಾರಿ) ಸರಾಸರಿಯ ಅರ್ಧ ಭಾಗ ಎಂದು ಬದಲಿಸಿ, ಮತ್ತೆ ಎಸ್‌ಯು(3)ಗೆ ತನ್ನಿ. ಹೀಗೆ 15–20 ಬಾರಿ. ಕಾಲದ ಲಿಂಕುಗಳನ್ನು ಮುಟ್ಟಬೇಡಿ. ಆಗ ಟಿ=3 ಅಥವಾ 4ರಿಂದಲೇ ಸಮತಟ್ಟು (ಟಿ ಏರಿಸಿದರೂ ಬದಲಾಗದ ಬೆಲೆ) ಕಾಣಿಸಬೇಕು.

ಎಸ್‌ಯು(3)ಗೆ ತರುವಾಗ ಗ್ರಾಮ್-ಶ್ಮಿಟ್ (ಸಾಲುಗಳನ್ನು ಒಂದೊಂದಾಗಿ ಪರಸ್ಪರ ಲಂಬವಾಗಿಸುವ ವಿಧಾನ) ಬಳಸಬೇಡಿ. ಬಹಳ ಜನ ಎಡವುವುದು ಇಲ್ಲೇ. ಸಾಲುಗಳ ಮೇಲೆ ಗ್ರಾಮ್-ಶ್ಮಿಟ್ ಮಾಡಿದರೆ ಲಿಂಕಿನ ಎಡತುದಿಯ ಗೇಜ್ ಪರಿವರ್ತನೆಗೆ (ಪ್ರತಿ ಬಿಂದುವಿನಲ್ಲೂ ಸ್ವತಂತ್ರವಾಗಿ ಅಕ್ಷ ತಿರುಗಿಸುವುದು, ಅದರಿಂದ ಉತ್ತರ ಬದಲಾಗಬಾರದು) ಅದು ಹೊಂದುವುದಿಲ್ಲ, ಗೇಜ್ ಸಮರೂಪತೆ ಸದ್ದಿಲ್ಲದೆ ಮುರಿಯುತ್ತದೆ. ಮೂರು ಎಸ್‌ಯು(2) ಉಪಗುಂಪುಗಳಲ್ಲಿ ಸರದಿಯಂತೆ, ಇನ್ನು ಏರದು ಎನ್ನುವವರೆಗೆ ಟ್ರೇಸ್ ಗರಿಷ್ಠಗೊಳಿಸುವ ವಿಧಾನವೇ ಸರಿ. ಪೂರ್ಣಾಂಕನ ದೋಷ ತೆಗೆಯಲು ಆಗೊಮ್ಮೆ ಈಗೊಮ್ಮೆ ಮಾಡುವ ರೀಯುನಿಟರೈಸೇಶನ್‌ಗೆ ಮಾತ್ರ ಗ್ರಾಮ್-ಶ್ಮಿಟ್ ಸಾಕು, ಅಲ್ಲಿ ತಿದ್ದಬೇಕಾದದ್ದು ಕೊನೆಯ ದಶಮಾಂಶಗಳನ್ನಷ್ಟೇ.

ಮಡಕಶಿರ_ಎಂ

ಮೇಲಿನ ಮಾತು ಪೂರ್ತಿ ಒಪ್ಪುತ್ತೇನೆ. ಸ್ಮಿಯರಿಂಗ್ ಕೋಡ್ ಬರೆದ ಕೂಡಲೇ ಮಾಡಬೇಕಾದ ಪರೀಕ್ಷೆ: ಪ್ರತಿ ಬಿಂದುವಿಗೂ ಯಾದೃಚ್ಛಿಕ ಎಸ್‌ಯು(3) ಮ್ಯಾಟ್ರಿಕ್ಸ್ ಕೊಟ್ಟು ಇಡೀ ಲ್ಯಾಟಿಸ್‌ಗೆ ಗೇಜ್ ಪರಿವರ್ತನೆ ಮಾಡಿ, ಲೂಪ್‌ಗಳನ್ನು ಮತ್ತೆ ಅಳೆಯಿರಿ. 12ನೆಯ ದಶಮಾಂಶದವರೆಗೆ ಅದೇ ಸಂಖ್ಯೆ ಬರಬೇಕು. ಗ್ರಾಮ್-ಶ್ಮಿಟ್ ತಪ್ಪು ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸ್ಮಿಯರಿಂಗ್ ಇಲ್ಲದೆ ಡಬ್ಲ್ಯು(2,3) ಮತ್ತು ಡಬ್ಲ್ಯು(3,2) ದೋಷದ ಮಿತಿಯಲ್ಲಿ ಒಂದೇ ಇರಬೇಕು, ಡಬ್ಲ್ಯು(1,1) ಪ್ಲಾಕೆಟ್ಟೇ ಆಗಿರಬೇಕು.

ಹಲವು ಕೋರ್‌ಗಳಲ್ಲಿ ಓಡಿಸುತ್ತಿದ್ದರೆ ಒಂದು ಸಲಕ್ಕೆ ಒಂದೇ ದಿಕ್ಕು, ಒಂದೇ ಪ್ಯಾರಿಟಿಯ (ಸಮ ಅಥವಾ ಬೆಸ) ಬಿಂದುಗಳನ್ನು ಮಾತ್ರ ಬದಲಿಸಿ. ಒಂದು ಲಿಂಕಿನ ಸ್ಟೇಪಲ್‌ನಲ್ಲಿ ಪಕ್ಕದ ಬಿಂದುವಿನ ಅದೇ ದಿಕ್ಕಿನ ಲಿಂಕ್ ಇರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪು ವಿತರಣೆಯಿಂದ ಸ್ಯಾಂಪಲ್ ಮಾಡುತ್ತಾ ಹೋಗುತ್ತದೆ. ಪ್ರತಿ ಥ್ರೆಡ್‌ಗೂ ಅದರದ್ದೇ ರ‍್ಯಾಂಡಮ್ ಸಂಖ್ಯೆಯ ಸರಣಿ ಇರಬೇಕು.

ಒಂದು ಕಾನ್ಫಿಗರೇಶನ್ ಡಬಲ್ ಪ್ರಿಸಿಶನ್‌ನಲ್ಲಿ ಸುಮಾರು 38 ಎಂಬಿ (2,62,144 ಲಿಂಕು, ಲಿಂಕಿಗೆ 144 ಬೈಟ್). ನೂರಕ್ಕೆ 3.8 ಜಿಬಿ, ಎಲ್ಲವನ್ನೂ ಉಳಿಸಿಡಿ. ಅಳತೆಯ ವಿಧಾನ ಬದಲಿಸಿದಾಗ ಮತ್ತೆ ಉತ್ಪಾದಿಸುವ ಕೆಲಸವಿಲ್ಲ, ನಿಮ್ಮ ಹಳೆಯ 100 ಈಗಲೂ ಪೂರ್ತಿ ಉಪಯೋಗಕ್ಕೆ ಬರುತ್ತವೆ. ನಿಮ್ಮ ಕಡೆ ಆಟಿ ಮಳೆಗೆ ಕರೆಂಟು ಹೋಗುವುದು ಇದ್ದದ್ದೇ. ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು ಆಮೇಲೆ ಹೆಸರು ಬದಲಿಸಿ, ಆಗ ಅರ್ಧ ಬರೆದ ಕಡತ ಒಳ್ಳೆಯದರ ಮೇಲೆ ಕೂರುವುದಿಲ್ಲ. ರ‍್ಯಾಂಡಮ್ ಸಂಖ್ಯೆಯ ಸ್ಥಿತಿಯನ್ನೂ, ಪ್ಲಾಕೆಟ್ ಬೆಲೆಯನ್ನೂ ಜೊತೆಗೆ ಬರೆಯಿರಿ. ಓದುವಾಗ ಪ್ಲಾಕೆಟ್ ಮತ್ತೆ ಲೆಕ್ಕಹಾಕಿ ತಾಳೆ ನೋಡಿ.

ನನ್ನದೂ ಒಂದು ಪ್ರಶ್ನೆ. ಸಮಯ ಉಳಿಸಲು ಕಾಲದ ದಿಕ್ಕನ್ನು 16ರಿಂದ 6ಕ್ಕೆ ಇಳಿಸಿ, ಪಾಲಿಯಾಕೊವ್ ಲೂಪ್‌ಗಳ (ಕಾಲದ ದಿಕ್ಕನ್ನು ಪೂರ್ತಿ ಸುತ್ತಿ ಬರುವ ಲೂಪ್) ಕೋರಿಲೇಶನ್‌ನಿಂದ ಪೊಟೆನ್ಶಿಯಲ್ ತೆಗೆದರೆ ಸರಳರೇಖೆಯೇ ಮಾಯವಾಗುತ್ತದೆ. ಬೀಟಾ ಅದೇ 6.0.

ತಾಳವಾಡಿ_ಗಣಕ

@ಮಡಕಶಿರ_ಎಂ ಕಾಲದ ದಿಕ್ಕಿನ ಉದ್ದವೇ ತಾಪಮಾನದ ವಿಲೋಮ. ಬೀಟಾ 6.0ರಲ್ಲಿ ಬಿಂದುಗಳ ಅಂತರ 0.093 ಫೆರ್ಮಿ (ಒಂದು ಫೆರ್ಮಿ = 10^-15 ಮೀಟರ್), ಆರು ಬಿಂದು ಅಂದರೆ 0.56 ಫೆರ್ಮಿ, ತಾಪಮಾನ (ಶಕ್ತಿಯ ಏಕಮಾನದಲ್ಲಿ) 350 ಎಂಇವಿ. ಕ್ವಾರ್ಕುಗಳಿಲ್ಲದ ಎಸ್‌ಯು(3) 270–300 ಎಂಇವಿಯಲ್ಲೇ ಡಿಕನ್ಫೈನ್ ಆಗುತ್ತದೆ, ಅಂದರೆ ಕ್ವಾರ್ಕುಗಳನ್ನು ಕಟ್ಟಿಹಾಕುವ ಗುಣ ಕಳೆದುಕೊಳ್ಳುತ್ತದೆ. ಆರು ಬಿಂದುವಿಗೆ ನಿರ್ಣಾಯಕ ಬೀಟಾ 5.89, ನೀವು ಅದನ್ನು ದಾಟಿದ್ದೀರಿ. ಎಂಟು ಬಿಂದುವಿಗೆ 6.06, ಅಂದರೆ 8 ಇಟ್ಟರೂ ಅಂಚಿನಲ್ಲೇ ಇರುತ್ತೀರಿ. ಸರಳರೇಖೆ ಹೋದದ್ದು ತಪ್ಪಲ್ಲ, ಅದು ಸರಿಯಾದ ಭೌತಶಾಸ್ತ್ರ.

ಪೆರ್ಲ_ಸುರಂಗ

ಮಕ್ಕಳಿಗೆ ಹೇಳುವ ವಿಷಯಕ್ಕೆ ಬರುತ್ತೇನೆ. ವಿದ್ಯುತ್ ಬಲ ತೋಟದ ಸ್ಪ್ರಿಂಕ್ಲರ್ ಇದ್ದ ಹಾಗೆ: ದೂರ ಹೋದಷ್ಟು ನೀರು ಹರಡಿ ತೆಳುವಾಗುತ್ತದೆ. ಪ್ರಬಲ ಬಲದ ಕ್ಷೇತ್ರ ಹರಡುವುದಿಲ್ಲ, ಪೈಪಿನೊಳಗಿನ ನೀರಿನಂತೆ ಒಂದೇ ದಪ್ಪದಲ್ಲಿ ಹೋಗುತ್ತದೆ. ಶಕ್ತಿಯ ಲೆಕ್ಕಕ್ಕೆ ನಮ್ಮ ಸುರಂಗಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಗುಡ್ಡಕ್ಕೆ ಸುರಂಗ ಕೊರೆಯುವಾಗ ಒಂದೇ ಬಗೆಯ ಮಣ್ಣಿನಲ್ಲಿ ಪ್ರತಿ ಕೋಲಿಗೂ ಅಷ್ಟೇ ಅಗೆತ. ಹತ್ತನೆಯ ಕೋಲು ಮೊದಲನೆಯದಕ್ಕಿಂತ ಸಸಾರ ಆಗುವುದಿಲ್ಲ. ಒಂದು ಕೋಲಿನ ಅಗೆತವೇ ಸಿಗ್ಮಾ. ಬೆಲೆ ಫೆರ್ಮಿಗೆ ಸುಮಾರು 1 ಜಿಇವಿ (1000 ಎಂಇವಿ), ನ್ಯೂಟನ್‌ನಲ್ಲಿ 1.6 ಲಕ್ಷ. ಕೆಂಪುಕಲ್ಲು ತುಂಬಿದ 16 ಟನ್ನಿನ ಲಾರಿಯ ತೂಕ, ಒಂದು ಜೋಡಿ ಕ್ವಾರ್ಕಿನ ನಡುವೆ.

ಕ್ವಾರ್ಕುಗಳ ನಡುವಿನ ಈ ಹಗ್ಗ ತುಂಡಾಗುವುದಿಲ್ಲವೇ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ನಿಮ್ಮ ಲೆಕ್ಕದಲ್ಲಿ ತುಂಡಾಗುವುದಿಲ್ಲ, ಏಕೆಂದರೆ ಅಲ್ಲಿ ಹಗುರ ಕ್ವಾರ್ಕುಗಳೇ ಇಲ್ಲ. ನಿಜ ಜಗತ್ತಿನಲ್ಲಿ ಸುಮಾರು 1.2 ಫೆರ್ಮಿ ಆದಾಗ ಹೊಸ ಕ್ವಾರ್ಕ್ ಜೋಡಿ ಹುಟ್ಟಿ ಎರಡು ಮೆಸಾನ್ ಆಗುತ್ತದೆ.

ಪದದ ಬಗ್ಗೆ: ಕನ್ಫೈನ್‌ಮೆಂಟ್‌ಗೆ (ಕ್ವಾರ್ಕ್ ಒಂಟಿಯಾಗಿ ಹೊರಬರಲಾಗದಿರುವುದಕ್ಕೆ) ‘ಬಂಧನ’ ಬೇಡ. ರಸಾಯನಶಾಸ್ತ್ರದ ‘ಬಂಧ’ ಅವರ ತಲೆಯಲ್ಲಿ ಆಗಲೇ ಕೂತಿದೆ, ಬಂಧ ಮುರಿಯಬಹುದು ಎಂದೂ ಗೊತ್ತು. ‘ಸೆರೆ’ ಅನ್ನಿ. ಕ್ವಾರ್ಕ್ ಸೆರೆ.

ಪಯಸ್ವಿನಿ (ಮುಳ್ಳೇರಿಯ)

ಸುರಂಗದ ಉದಾಹರಣೆ ಹಾಗೆಯೇ ತೆಗೆದುಕೊಳ್ಳುತ್ತೇನೆ, ತುಂಬಾ ಉಪಕಾರ. ಅದೇ 100 ಕಾನ್ಫಿಗರೇಶನ್ ಮೇಲೆ 20 ಬಾರಿ ಸ್ಮಿಯರ್ ಮಾಡಿದೆ. ಗೇಜ್ ಪರೀಕ್ಷೆ ಮೊದಲ ಸಲ ಬಿದ್ದುಹೋಯಿತು, ಗ್ರಾಮ್-ಶ್ಮಿಟ್ ತೆಗೆದ ಮೇಲೆ ಸರಿಯಾಯಿತು. ಈಗ ಟಿ=3ರಿಂದ 4ಕ್ಕೆ ಸಿಗ್ಮಾ 0.051, 4ರಿಂದ 5ಕ್ಕೆ 0.049, ದೋಷ 0.002. ಇದನ್ನು ಫೆರ್ಮಿಗೆ ತರಲು ಸಿಗ್ಮಾವನ್ನೇ ಬಳಸಲೇ?

ತಾಳವಾಡಿ_ಗಣಕ

ಬೇಡ. ಸಿಗ್ಮಾ ಎಂದರೆ ಅನಂತ ದೂರದ ಇಳಿಜಾರು, ನಿಮ್ಮ ಪೆಟ್ಟಿಗೆಯಲ್ಲಿ ಆರ್=8ರ ಆಚೆ ಆವರ್ತ ಗಡಿಯ ಇನ್ನೊಂದು ಬದಿಯ ಪ್ರತಿಬಿಂಬ ಅಡ್ಡ ಬರುತ್ತದೆ. 1993ರಲ್ಲಿ ಸಾಮರ್ ಕೊಟ್ಟ ಅಳತೆ ಬಳಸಿ: ದೂರದ ವರ್ಗ ಗುಣಿಸು ಬಲ = 1.65 ಆಗುವ ದೂರವೇ ಆರ್0, ಅದನ್ನು 0.5 ಫೆರ್ಮಿ ಎಂದು ಇಡುತ್ತಾರೆ. ಇದಕ್ಕೆ ಫಿಟ್ಟೇ ಬೇಕಿಲ್ಲ. ವಿ(5)−ವಿ(4) ಸುಮಾರು 0.0612 ಬಂದರೆ 20ರಿಂದ (4×5, ಆ ನಡುವಿನ ದೂರದ ವರ್ಗ) ಗುಣಿಸಿ, 1.224. ವಿ(6)−ವಿ(5) ಸುಮಾರು 0.0568 ಬಂದರೆ 30ರಿಂದ (5×6) ಗುಣಿಸಿ, 1.704. ಇವೆರಡರ ನಡುವೆ 1.65 ಬರುವುದು ದೂರದ ವರ್ಗ 28.88ರಲ್ಲಿ, ಅಂದರೆ ಆರ್0 = 5.37 ಬಿಂದು, ಒಂದು ಬಿಂದುವಿನ ಅಂತರ 0.093 ಫೆರ್ಮಿ. ದೋಷವನ್ನು ಈ ಇಡೀ ಲೆಕ್ಕದ ಮೇಲೆ ಜಾಕ್‌ನೈಫ್ (ಸರದಿಯಂತೆ ಒಂದಿಷ್ಟು ಕಾನ್ಫಿಗರೇಶನ್ ಬಿಟ್ಟು ಮತ್ತೆ ಮತ್ತೆ ಲೆಕ್ಕ) ಮಾಡಿ ತೆಗೆಯಿರಿ, ವಿ(4), ವಿ(5), ವಿ(6)ರ ದೋಷಗಳನ್ನು ಬೇರೆಬೇರೆಯಾಗಿ ಕೂಡಿಸಬೇಡಿ. ಮೂರೂ ಒಂದೇ ಕಾನ್ಫಿಗರೇಶನ್‌ಗಳಿಂದ ಬಂದವು, ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ವ್ಯತ್ಯಾಸ ತೆಗೆದಾಗ ದೋಷದ ದೊಡ್ಡ ಪಾಲು ಕಳೆದುಹೋಗುತ್ತದೆ.

ಇನ್ನೂ ನಿಖರತೆ ಬೇಕಿದ್ದರೆ ನಾಲ್ಕು ದಿಕ್ಕುಗಳನ್ನೂ ಸರದಿಯಂತೆ ಕಾಲ ಎಂದು ಹಿಡಿದು ಅಳೆಯಿರಿ. ನಿಮ್ಮ ಲ್ಯಾಟಿಸ್ ನಾಲ್ಕೂ ಕಡೆ 16 ಇರುವುದರಿಂದ ಅದು ನ್ಯಾಯವೇ. ಪ್ರತಿ ಸಲವೂ ಮೂಲ ಲಿಂಕುಗಳಿಂದ ಹೊಸದಾಗಿ ಸ್ಮಿಯರ್ ಮಾಡಬೇಕು. ಹಿಂದಿನ ದಿಕ್ಕಿಗೆ ಸ್ಮಿಯರ್ ಮಾಡಿದ್ದನ್ನೇ ಮುಂದುವರಿಸಿದರೆ ಈಗಿನ ಕಾಲದ ಲಿಂಕುಗಳು ಆಗಲೇ ಕಲೆತುಹೋಗಿರುತ್ತವೆ.