ಹಳೇ ಇಟ್ಟಿಗೆ ಮನೆಗೆ ಹೊರಗಡೆ ಯಾವ ಬಣ್ಣ?

ಪ್ರಶ್ನೆ:
ಮಲ್ಲೇಶ್ವರದಲ್ಲಿ ತಾತ ಕಟ್ಟಿಸಿದ ಮನೆ. ಇಟ್ಟಿಗೆ, ಸುಣ್ಣದ ಗಾರೆ, ಮಂಗಳೂರು ಹೆಂಚು, ಕಿಟಕಿ ಮೇಲೆ ಮರದ ಮಂಕಿ ಟಾಪ್ (ಚೂಪು ತುದಿಯ ಮರದ ಮರೆ). ಆರು ವರ್ಷದ ಹಿಂದೆ ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಹೊಡೆಸಿದೆವು. ಈಗ ಜಗಲಿ ಪಕ್ಕದ ಗೋಡೆಯಲ್ಲಿ ಗುಳ್ಳೆ ಎದ್ದಿದೆ. ಉಗುರಲ್ಲಿ ಕೆರೆದರೆ ಹಪ್ಪಳದ ಹಾಗೆ ಏಳುತ್ತದೆ, ಒಳಗೆ ಒದ್ದೆ ಪುಡಿ. ಅಮ್ಮನಿಗೆ ಹಳೇ ಕೆನೆ ಬಣ್ಣವೇ ಬೇಕು. ಏನು ಮಾಡಲಿ?

ಉತ್ತರ 1:
ಬಣ್ಣ ಆಮೇಲೆ ನೋಡೋಣ, ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಹೆಂಚು ಒಡೆದಿದೆಯಾ? ಗೋಡೆ ಬುಡಕ್ಕೆ ಒತ್ತಿ ಸಿಮೆಂಟ್ ಹಾಕಿಸಿದ್ದೀರಾ? ಸುಣ್ಣದ ಗೋಡೆ ಉಸಿರಾಡಬೇಕು. ಪ್ಲಾಸ್ಟಿಕ್ ಬಣ್ಣ ತೇವವನ್ನು ಒಳಗೇ ಹಿಡಿದಿಡುತ್ತದೆ. ಅದನ್ನು ಪೂರ್ತಿ ಕೆರೆಸಿ, ಒಂದು ಬೇಸಿಗೆ ಒಣಗಲು ಬಿಡಿ. ಬಿದ್ದ ಜಾಗಕ್ಕೆ ಸುಣ್ಣದ ಗಾರೆಯನ್ನೇ ಹಾಕಿಸಿ, ಸಿಮೆಂಟ್ ಬೇಡವೇ ಬೇಡ. ಅದು ಹಳೇ ಇಟ್ಟಿಗೆಗಿಂತ ಗಟ್ಟಿ, ಕೊನೆಗೆ ಇಟ್ಟಿಗೆಯೇ ಉದುರುತ್ತದೆ.

ಉತ್ತರ 2:
ಅಮ್ಮ ಹೇಳಿದ್ದೇ ಸರಿ. ಸುಣ್ಣಕ್ಕೆ ಸ್ವಲ್ಪ ಹಳದಿ ಮಣ್ಣು ಬೆರೆಸಿದರೆ ಒಳ್ಳೆ ಕೆನೆ ಬಣ್ಣ ಬರುತ್ತದೆ. ಒದ್ದೆ ಇದ್ದಾಗ ಜಾಸ್ತಿ ಗಾಢ ಕಾಣುತ್ತದೆ, ಒಣಗಿದ ಮೇಲೇ ತೀರ್ಮಾನಿಸಿ. ಮಂಕಿ ಟಾಪ್‌ಗೆ ಕಡು ಹಸಿರು ಹಾಕಿ. ಕೆಂಪು ಹೆಂಚಿನ ಕೆಳಗೆ ತುಂಬಾ ಚೆನ್ನಾಗಿರುತ್ತದೆ, ಅಲ್ವಾ?

ಪ್ರಶ್ನೆ ಕೇಳಿದವರು:
ನೋಡಿದೆ, ಬುಡದಲ್ಲಿ ಸಿಮೆಂಟ್ ಇದೆ! ಸೋಮವಾರವೇ ಒಡೆಸುತ್ತೇನೆ. ಹಸಿರು ಅಂದಿದ್ದಕ್ಕೆ ಅಮ್ಮ ಖುಷಿಯಾದರು.